5ಡಿ ಮಾರ್ಕ್ 2, ಡಿ750: ಜಗಲಿಯಲ್ಲೂ ಯಕ್ಷಗಾನದ ಆಟದಲ್ಲೂ

ನನ್ನ ಕ್ಯಾಮೆರಾ, ಭಾವನ ಕ್ಯಾಮೆರಾ ಎರಡನ್ನೂ ಹೋಲಿಸಿ ನೋಡೋಣ ಅಂತ ಹೋದ ವಾರ ಮಾಡಿದ ಪರೀಕ್ಷೆ ಹಾಳಾಯ್ತು, ತಪ್ಪು ನನ್ನದೇ. ನನ್ನ ಕ್ಯಾನನ್ 5ಡಿ ಮಾರ್ಕ್ 2ರಲ್ಲಿ ಹೈಲೈಟ್ ಟೋನ್ ಪ್ರಯಾರಿಟಿ (ತೀರಾ ಬೆಳಕಿರುವ ಕಡೆ ವಿವರ ಉಳಿಸುವ ಸೆಟ್ಟಿಂಗ್) ಆನ್ ಆಗಿಯೇ ಉಳಿದಿತ್ತು. ಅದಿದ್ದರೆ ಬೆಳಕಿನ ಸೂಕ್ಷ್ಮತೆ ಹೇಳುವ ಐಎಸ್‌ಒ 200ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ವ್ಯೂಫೈಂಡರ್‌ನಲ್ಲಿ ಡಿ+ ಅಂತ ತೋರಿಸುತ್ತಲೇ ಇತ್ತು, ನಾನು ನೋಡಿದ್ದರೆ ತಾನೆ! ಅತ್ತ ಭಾವನ ನಿಕಾನ್ ಡಿ750 ಇದ್ದಿದ್ದು 100ರಲ್ಲಿ. ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ.

ಲೆನ್ಸ್ ಎರಡಕ್ಕೂ ಒಂದೇ. ನಿಕಾನ್‌ನ ಹಳೇ ಮ್ಯಾನ್ಯುಯಲ್ 50 ಎಂಎಂ. ತೆಳುವಾದ ಅಡಾಪ್ಟರ್ ರಿಂಗ್ ಹಾಕಿದರೆ ಕ್ಯಾನನ್‌ಗೂ ಕೂರುತ್ತದೆ.

ಶಿರಸಿ ಹತ್ತಿರದ ನಮ್ಮನೆ ಜಗಲಿಯ ಒಳಗೆ ಟ್ರೈಪಾಡ್ ಇಟ್ಟೆ. ಹೊರಗೆ ಅಂಗಳದ ತುಂಬ ಚಾಲಿ ಅಡಿಕೆ ಹರವಿತ್ತು, ಮಧ್ಯಾಹ್ನದ ಬಿಸಿಲು. ಅಡಿಕೆಯ ಬೆಳಕು ಕೆಡದ ಹಾಗೆ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 5.6, ಶಟರ್ 1/800 ಸೆಕೆಂಡು. ಎರಡರಲ್ಲೂ ಬಾಗಿಲ ಚೌಕಟ್ಟು ಪೂರ್ತಿ ಕಪ್ಪು. ಆಮೇಲೆ ಕಂಪ್ಯೂಟರ್‌ನಲ್ಲಿ ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲನ್ನು ನಾಲ್ಕು ಸ್ಟಾಪ್, ಅಂದರೆ ಹದಿನಾರು ಪಟ್ಟು, ಬೆಳಗಿಸಿದೆ. ನಿಕಾನ್‌ನಲ್ಲಿ ಚೌಕಟ್ಟಿನ ಕೆತ್ತನೆ ಬಂತು, ಪಕ್ಕದಲ್ಲಿ ಒರಗಿಸಿದ್ದ ಕೊಡೆಯ ಕಡ್ಡಿ ಕೂಡ ಲೆಕ್ಕ ಮಾಡಬಹುದಿತ್ತು. ಕ್ಯಾನನ್‌ನಲ್ಲಿ ಕೆತ್ತನೆಯ ಮೇಲೆಲ್ಲ ಅಡ್ಡ, ಉದ್ದ ಗೆರೆ. ಪಂಚೆ ನೇಯ್ದ ಹಾಗೆ.

ಮೆಗಾಪಿಕ್ಸೆಲ್ ಇದಕ್ಕೆ ಕಾರಣ ಅಲ್ಲ. ಕ್ಯಾನನ್ 21, ನಿಕಾನ್ 24, ಅಷ್ಟೇ. 2008ರ ಕ್ಯಾನನ್ ಸೆನ್ಸರ್‌ನಿಂದ ಸಿಗ್ನಲ್ ಹಾಗೇ ಹೊರಗೆ ಬಂದು, ಬೇರೆ ಚಿಪ್‌ನಲ್ಲಿ ಅಂಕಿಯಾಗುತ್ತದೆ. ಆ ದಾರಿಯಲ್ಲೇ ಗಲಾಟೆ (ನಾಯ್ಸ್) ಸೇರಿಕೊಳ್ಳುತ್ತದೆ. 2014ರ ಡಿ750ರಲ್ಲಿ ಆ ಕೆಲಸ ಸೆನ್ಸರ್ ಒಳಗೇ, ಒಂದೊಂದು ಉದ್ದ ಸಾಲಿನ ಬುಡದಲ್ಲೇ ಮುಗಿಯುತ್ತದೆ. ಸೋತೆ ಅಂದುಕೊಂಡೆ. ಡಿ750 ಕೊಡ್ತೀಯಾ ಅಂತ ಭಾವನನ್ನು ಕೇಳಿಯೂ ಬಿಟ್ಟೆ.

ಶನಿವಾರ ರಾತ್ರಿ ಊರಲ್ಲಿ ಯಕ್ಷಗಾನದ ಆಟ ಇತ್ತು. ಎರಡನ್ನೂ ಹೊತ್ತುಕೊಂಡು ಹೋದೆವು. ಐಎಸ್‌ಒ 3200, ಎಫ್ 2, 1/250. ಮನೆಗೆ ಬಂದು ನೋಡಿದರೆ ಗುರುತು ಹಿಡಿಯುವುದೇ ಕಷ್ಟ! ವೇಷದ ತಲೆಗೆ ಕಟ್ಟುವ ಕೇದಗೆ ಮುಂದಲೆಯ ಜರಿ, ಮುಖದ ಬಣ್ಣ, ಹಿಂದಿನ ಕಪ್ಪು ಪರದೆ, ಎಲ್ಲದರಲ್ಲೂ ನಾಯ್ಸ್‌ನ ಕಾಳು ಹೆಚ್ಚುಕಮ್ಮಿ ಒಂದೇ. ನೂರು ಪರ್ಸೆಂಟ್ ಜೂಮ್ ಮಾಡಿದರೆ ನಿಕಾನ್ ಒಂಚೂರು ಮುಂದೆ. ಐಎಸ್‌ಒ ಏರಿಸಿದಾಗ ಸಿಗ್ನಲ್ ಮೊದಲೇ ದೊಡ್ಡದಾಗಿ ಹೊರಡುತ್ತದೆ, ದಾರಿಯ ಗಲಾಟೆ ಅದರ ಮುಂದೆ ಸಣ್ಣದು. ಆಮೇಲೆ ಉಳಿಯುವುದು ಎಷ್ಟು ಬೆಳಕು ಬಿತ್ತು ಅನ್ನೋದಷ್ಟೇ. ಎರಡೂ ಫುಲ್ ಫ್ರೇಮ್ ಅಲ್ವಾ, ಬೆಳಕು ಬೀಳುವ ಸೆನ್ಸರ್‌ನ ಜಾಗ ಒಂದೇ ಅಳತೆ.

ಹೆಸರು ಮುಚ್ಚಿ ಭಾವನಿಗೆ ತೋರಿಸಿದೆ. "ಎಂತ ವ್ಯತ್ಯಾಸ ಇದ್ದು ಭಾವ?" ಅಂದ, ತನ್ನದೇ ಕ್ಯಾಮೆರಾದ ಫೋಟೋ ನೋಡಿ.

ನಾನು ವರ್ಷಕ್ಕೆ ತೆಗೆಯುವುದರಲ್ಲಿ ಮುಕ್ಕಾಲು ಪಾಲು ಆಟದ್ದೇ. ಹಾಗಾಗಿ ಹಳೇದು ಸದ್ಯಕ್ಕೆ ಇಲ್ಲೇ ಇರುತ್ತದೆ. ಅಂದಹಾಗೆ ಮಂಡಿ ಕುಣಿತದ ಫೋಟೋ ಎರಡರಲ್ಲೂ ಕಲಸಿಹೋಗಿದೆ. ಮುಂದಿನ ಆಟಕ್ಕೆ 1/500 ಇಟ್ಟು ನೋಡುತ್ತೇನೆ.