ಕನ್ಸೆಂಟ್‌ಗೂ ಮುಂಚೆ ಆ ಮಾತ್ರೆಯ ಮಾತು

ಗಲ್ಫ್ ಯುದ್ಧದ ಮಾಜಿ ಸೈನಿಕರ ಮೇಲಿನ ಕ್ಲಿನಿಕಲ್ ಟ್ರಯಲ್‌ಗೆ (ಚಿಕಿತ್ಸೆಯ ಪ್ರಯೋಗಕ್ಕೆ) ಕೆಲಸಕ್ಕೆ ಸೇರುವ ಹೊಸ ಕೋಆರ್ಡಿನೇಟರ್‌ಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ಕನ್ಸೆಂಟ್ ಫಾರ್ಮ್, ಅಂದರೆ ಒಪ್ಪಿಗೆ ಪತ್ರ, ಬಿಚ್ಚುವ ಮುಂಚೆ 1991ರ ಯುದ್ಧದಲ್ಲಿ ಅವರಿಗೆ ನುಂಗಿಸಿದ ಮಾತ್ರೆಯ ವಿಷಯ ಎತ್ತಿ. ಅವರೇ ಎತ್ತಲಿ ಅಂತ ಕಾಯಬೇಡಿ.

ಅಮೆರಿಕದಲ್ಲಿ ನಾನಿರುವುದು ಇನ್ಯುಲಿನ್ ಟ್ರಯಲ್‌ನಲ್ಲಿ. ಚಿಕೋರಿ ಬೇರಿನಿಂದ ತೆಗೆದ ನಾರಿನ ಪುಡಿ ಅದು. ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಗಲ್ಫ್ ವಾರ್ ಇಲ್‌ನೆಸ್ (ಆ ಯುದ್ಧದಿಂದ ಬಂದವರನ್ನು ಹಿಡಿದ ಕಾಯಿಲೆ) ಇರುವವರಿಗೆ ಸುಸ್ತು, ಮೈಕೈ ನೋವು, ಮರೆವು, ಹೊಟ್ಟೆಯ ತೊಂದರೆ ಎಲ್ಲ ಒಟ್ಟೊಟ್ಟಿಗೇ ಕಾಡುತ್ತವೆ. ಕರುಳು ಸುಧಾರಿಸಿದರೆ ಉಳಿದದ್ದೂ ಸ್ವಲ್ಪ ತಗ್ಗೀತಾ ಅನ್ನುವುದೇ ನಮ್ಮ ಪ್ರಶ್ನೆ. ಹೋಲಿಕೆಗೆ ಇನ್ನೊಂದು ಗುಂಪಿಗೆ ಪ್ಲಸೀಬೊ, ಅಂದರೆ ಔಷಧದ ಗುಣವಿಲ್ಲದ ಮಾಲ್ಟೊಡೆಕ್ಸ್‌ಟ್ರಿನ್ ಪುಡಿ.

ಒಂದು ದಿನ ಬಂದಿದ್ದ ಹಿರಿಯ ಮಾಜಿ ಸೈನಿಕರೊಬ್ಬರು ಫಾರ್ಮ್ ಪೂರ್ತಿ ಓದಿದರು. ಆಮೇಲೆ ಸ್ಯಾಂಪಲ್ ಪೊಟ್ಟಣವನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ಕಿಟ್ ನಂಬರ್ ಇತ್ತು, ಒಳಗಿರುವುದು ಏನು ಅಂತ ಎಲ್ಲೂ ಬರೆದಿರಲಿಲ್ಲ.

"ಇದರಲ್ಲಿ ಏನಿದೆ?"

"ನಾರು ಇರಬಹುದು, ಪ್ಲಸೀಬೊ ಇರಬಹುದು. ನಿಮಗೆ ಬಂದದ್ದು ಯಾವುದು ಅಂತ ನನಗೂ ಗೊತ್ತಿರುವುದಿಲ್ಲ."

"ಆಗಲೂ ಮಾತ್ರೆ ಕೊಟ್ಟವರು ಹೀಗೇ ಅಂದಿದ್ದರು. ನಮಗೂ ಗೊತ್ತಿಲ್ಲ, ನುಂಗಿ ಅಂತ."

ಆ ಮಾತ್ರೆ ಪಿರಿಡೊಸ್ಟಿಗ್ಮೈನ್ ಬ್ರೋಮೈಡ್. ಇರಾಕ್ ವಿಷಾನಿಲ ಬಿಟ್ಟೀತು ಅನ್ನುವ ಭಯಕ್ಕೆ, ಎಂಟು ಗಂಟೆಗೊಂದರಂತೆ 30 ಮಿಲಿಗ್ರಾಂ. ಸೈನಿಕರ ಒಪ್ಪಿಗೆ ಪಡೆಯದೆ ಕೊಡುವುದಕ್ಕೆ ದಾರಿಯಾಗಲಿ ಅಂತ 1990ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮವನ್ನೇ ಸಡಿಲಿಸಿತ್ತು. ಈ ಕಾಯಿಲೆಗೂ, ಆ ಮಾತ್ರೆ ಮತ್ತು ಯುದ್ಧದಲ್ಲಿ ಬಳಸಿದ ಕೀಟನಾಶಕಗಳಿಗೂ ಕಾರಣದ ನಂಟಿದೆ ಅಂತ ಸರ್ಕಾರದ್ದೇ ಸಲಹಾ ಸಮಿತಿ ಹೇಳುವಷ್ಟರಲ್ಲಿ 2008 ಬಂದಿತ್ತು. ಅಲ್ಲಿಯ ತನಕ ಎಷ್ಟೋ ಜನ ಕೇಳಿಸಿಕೊಂಡದ್ದು, ಇದೆಲ್ಲ ಬರೀ ಟೆನ್ಶನ್ ಅಂತ.

ನಾನು ಹೇಳಬೇಕಾದ್ದನ್ನು ಹೇಳಿದೆ. ಯಾವಾಗ ಬೇಕಾದರೂ ಬಿಡಬಹುದು, ವಿಎ (ಮಾಜಿ ಸೈನಿಕರ ಸರ್ಕಾರಿ ಇಲಾಖೆ) ಚಿಕಿತ್ಸೆಗೆ ಏನೂ ತೊಂದರೆಯಿಲ್ಲ, ತುರ್ತು ಬಂದರೆ ಅನ್‌ಬ್ಲೈಂಡ್ ಮಾಡುತ್ತಾರೆ, ಅಂದರೆ ಒಳಗಿರುವುದು ಏನು ಅಂತ ತೆರೆದು ಹೇಳುತ್ತಾರೆ, ಮೊದಲ ದಿನಗಳಲ್ಲಿ ಹೊಟ್ಟೆ ಉಬ್ಬರಿಸಬಹುದು. ಅವರು ತಲೆಯಾಡಿಸುತ್ತಿದ್ದರು, ಕಣ್ಣು ಮಾತ್ರ ಪೊಟ್ಟಣದ ಮೇಲೇ ಇತ್ತು. ಬಾಗಿಲ ಆಚೆ ಪಿಐ, ಅಂದರೆ ಟ್ರಯಲ್‌ನ ಮುಖ್ಯ ಸಂಶೋಧಕರು, ಯಾರಿಗೋ ಎನ್‌ರೋಲ್‌ಮೆಂಟ್ ಎಷ್ಟಾಯಿತು ಅಂತ ಹೇಳುತ್ತಿರುವುದು ನಮಗಿಬ್ಬರಿಗೂ ಕೇಳಿಸುತ್ತಿತ್ತು. ನನಗೆ ಬೆವರು. ಕೊನೆಗೆ ಅವರು ಪೊಟ್ಟಣವನ್ನು ನನ್ನ ಕಡೆ ಸರಿಸಿ, "ನಿಮ್ಮ ಮೇಲೆ ಬೇಜಾರಿಲ್ಲ" ಅಂದು ಎದ್ದರು.

ಬಂದವರ ವಿವರ ಬರೆಯುವ ಸ್ಕ್ರೀನಿಂಗ್ ಲಾಗ್‌ನ ಡ್ರಾಪ್‌ಡೌನ್‌ನಲ್ಲಿ, ಯಾಕೆ ಸೇರಲಿಲ್ಲ ಅನ್ನುವುದಕ್ಕೆ ಇರುವುದು ಮೂರೇ ಕಾರಣ: ಅರ್ಹರಲ್ಲ, ದೂರ, ಆಸಕ್ತಿಯಿಲ್ಲ. ಆಸಕ್ತಿ ಇಲ್ಲದವರು ಸುಮ್ನೆ ಅಷ್ಟು ಹೊತ್ತು ಕೂತು ಪ್ರತಿ ಪುಟ ಓದುತ್ತಾರಾ? ಮೀಟಿಂಗ್‌ನಲ್ಲಿ ಮೇಲಿನವರು ಆ ಕಾಲಂ ನೋಡಿ, ಪೋಸ್ಟರ್ ಜಾಸ್ತಿ ಹಾಕಿ ಅನ್ನುತ್ತಾರೆ. ನಂಬಿಕೆ ಇಲ್ಲದ ಕಡೆ ಪೋಸ್ಟರ್ ಏನು ಮಾಡೀತು? ಹೊಸ ಆಯ್ಕೆ ಸೇರಿಸಿ ಅಂತ ಕೇಳಿದರೆ, ಮುಂದಿನ ಅಮೆಂಡ್‌ಮೆಂಟ್‌ನಲ್ಲಿ (ಟ್ರಯಲ್ ನಿಯಮಗಳ ತಿದ್ದುಪಡಿಯಲ್ಲಿ) ನೋಡೋಣ ಅನ್ನುವ ಉತ್ತರ.

ಸಂಶೋಧನೆಯ ನೈತಿಕತೆ ನೋಡುವ ಸಮಿತಿ ಐಆರ್‌ಬಿಗೆ ಬರೆದು, ಬಂದವರ ಜೊತೆ ಮಾತಾಡುವ ಸ್ಕ್ರಿಪ್ಟ್‌ನಲ್ಲೇ ಒಂದು ಪ್ರಶ್ನೆ ಸೇರಿಸಿಕೊಂಡಿದ್ದೇವೆ: ಆಗ ನಿಮಗೆ ಮಾತ್ರೆ ಕೊಟ್ಟಿದ್ದರಾ? ಅವರು ಹೇಳಿ ಮುಗಿಸಿದ ಮೇಲೆಯೇ, ಯಾರಿಗೆ ಯಾವುದು ಹೋಗಿದೆ ಅನ್ನುವ ಕೋಡ್ ಯಾರ ಹತ್ತಿರ ಇರುತ್ತದೆ, ಯಾಕೆ ಮುಚ್ಚಿಡುತ್ತೇವೆ, ಯಾವಾಗ ತೆರೆಯುತ್ತೇವೆ ಅಂತ ವಿವರಿಸುತ್ತೇನೆ. ವಿಸಿಟ್ ಉದ್ದವಾಗುತ್ತದೆ, ಶೆಡ್ಯೂಲ್ ಕೆಡುತ್ತದೆ ಅಂತ ಪಿಐ ಗೊಣಗುತ್ತಾರೆ. ನಾನಂತೂ ಆ ಮಾತಿನ ಹೊತ್ತನ್ನು ಕಡಿಮೆ ಮಾಡುವವಳಲ್ಲ.