ಇದು ಡಾಕ್ಯುಮೆಂಟ್ ಅಲ್ಲ, ಪಿಟೀಲು

"ಅಳಿಯಂದಿರೇ, ಇದು ಡಾಕ್ಯುಮೆಂಟ್ ಅಲ್ಲ. ಪಿಟೀಲು."

ಸೋಮವಾರ ರಾತ್ರಿ ಸಾಗರದ ಮಾವ ಫೋನಿನಲ್ಲಿ ಹೇಳಿದ ಮಾತು ಇದು. ಇವತ್ತು ಶುಕ್ರವಾರ. ಬಸ್ಸಲ್ಲಿ ಕೂತಾಗ, ಹಲ್ಲುಜ್ಜುವಾಗ, ಆಫೀಸಿನ ಮೀಟಿಂಗಿನ ನಡುವೆ ನೆನಪಾಗಿ ಒಬ್ಬನೇ ನಗುತ್ತಿದ್ದೇನೆ. ಪಕ್ಕದವರು ಏನೆಂದುಕೊಂಡರೋ.

ಮಾವ ಅಂದರೆ ನನ್ನ ಹೆಂಡತಿಯ ಸೋದರಮಾವ. ತಾಲ್ಲೂಕು ಕಚೇರಿಯಲ್ಲಿ 36 ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಸಂಜೆ ಆರರಿಂದ ಏಳು ಪಿಟೀಲು. ಮನೆಗೆ ಯಾರೇ ಬಂದಿರಲಿ, ಆ ಒಂದು ಗಂಟೆ ಅವರು ಸಿಗುವುದಿಲ್ಲ. ಸಂಗೀತ ಕಛೇರಿ ಕೊಟ್ಟವರಲ್ಲ, ಯಾರೂ ಕರೆದಿಲ್ಲ, ಅವರೂ ಕೇಳಿಲ್ಲ. ಆದರೆ ಮೋಹನ ರಾಗ ನುಡಿಸಿದರೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಕೈ ಕೂಡ ಒಂದು ಕ್ಷಣ ನಿಲ್ಲುತ್ತದೆ.

ನಾನು ಐಪ್ಯಾಡಿನಲ್ಲಿ ಹಾಡು ಕಟ್ಟುವ ಹುಚ್ಚಿನವನು. ನನ್ನವಳು ಪಾಠ ಮಾಡುವ ಹೈಸ್ಕೂಲಿನಲ್ಲಿ ಶನಿವಾರ ವಾರ್ಷಿಕೋತ್ಸವ. ಮಕ್ಕಳ ನೃತ್ಯಕ್ಕೆ ಒಂದು ಟ್ಯೂನ್ ಬೇಕಂತೆ. "ಮೊಬೈಲಲ್ಲೇ ಆಗತ್ತಲ್ವಾ, ಸುಮ್ನೆ ಒಂದು ಟ್ಯೂನ್" ಅಂತ ಅಲ್ಲಿನ ಹೆಡ್‌ಮೇಷ್ಟ್ರು ಹೇಳಿ ಕಳಿಸಿದ್ದರು. ಈ 'ಸುಮ್ನೆ' ಅನ್ನೋ ಪದ ಬಳಸುವವರು ಯಾರೂ ಆ ಕೆಲಸವನ್ನು ಒಂದು ಸಲವೂ ಮಾಡಿರುವುದಿಲ್ಲ. ಇರಲಿ. ತಂಬೂರ, ಕೀಬೋರ್ಡು, ತಾಳ ನಾನು ಹಾಕುವುದು, ಪಿಟೀಲು ಮಾವನದು ಅಂತ ತೀರ್ಮಾನ ಆಯಿತು. ನಾನಿರುವುದು ಮೈಸೂರು, ಅವರು ಸಾಗರ. ಫೈಲು ಓಡಾಡಬೇಕು.

ಮೊದಲ ಸಲ ಅವರು ಮೆಸೇಜ್ ಆ್ಯಪಿನಲ್ಲಿ ಮೈಕಿನ ಗುರುತು ಒತ್ತಿ ವಾಯ್ಸ್ ನೋಟ್ ಕಳಿಸಿದರು. ಒತ್ತಿ ಹಿಡಿದವರು ಅತ್ತೆ, ಯಾಕೆಂದರೆ ಮಾವನ ಎರಡು ಕೈಯೂ ಪಿಟೀಲಿಗೇ ಬೇಕು. ಬೆರಳನ್ನು ಮೇಲಕ್ಕೆ ಜಾರಿಸಿದರೆ ಅದು ತಾನೇ ಓಡುತ್ತಿರುತ್ತದೆ ಅಂತ ಇಬ್ಬರಿಗೂ ಗೊತ್ತಿಲ್ಲ. ಎರಡನೇ ನಿಮಿಷಕ್ಕೆ ಕುಕ್ಕರ್ ಕೂಗಿತು, ಅತ್ತೆಯ ಬೆರಳು ಎದ್ದಿತು, ಮೋಹನ ಅಲ್ಲಿಗೇ ನಿಂತಿತು. ಉಳಿದದ್ದು ಎರಡನೇ ತುಂಡಾಗಿ ಬಂತು.

ತುಂಡಾದದ್ದು ದೊಡ್ಡ ವಿಷಯ ಅಲ್ಲ, ಜೋಡಿಸಬಹುದು. ಆದರೆ ವಾಯ್ಸ್ ನೋಟ್ ಅನ್ನುವುದು ಮಾತಿಗಾಗಿ ಮಾಡಿದ್ದು. ಆ ತುಂಡುಗಳೆರಡೂ ಸೇರಿ ಒಂದು ಎಂಬಿ ಕೂಡ ಇರಲಿಲ್ಲ. ಅಷ್ಟು ಚಿಕ್ಕದು ಮಾಡಬೇಕಾದರೆ ಏನನ್ನೋ ಬಿಡಲೇಬೇಕು. ಮಾತು ಅರ್ಥವಾಗಲು ಬೇಡದ್ದನ್ನೆಲ್ಲ ಬಿಡುತ್ತಾರೆ. ಕಮಾನು ತಂತಿಗೆ ತಾಗುವಾಗಿನ ಆ ಸಣ್ಣ ಉಜ್ಜು, ಮೇಲಿನ ಸ್ಥಾಯಿಯ ಹೊಳಪು, ಅದೆಲ್ಲ ಮಾತಿಗೆ ಬೇಡದ್ದು. ಪಿಟೀಲಿಗೆ ಅದೇ ಜೀವ. ನನಗೆ ಕೇಳಿಸಿದ್ದು ಕೊಡದೊಳಗಿಟ್ಟು ನುಡಿಸಿದ ಪಿಟೀಲು.

ಹಾಗಾಗಿ ಫೋನ್ ಮಾಡಿದೆ. ಮೊಮ್ಮಗಳ ಹಳೇ ಫೋನಿನಲ್ಲಿ ಒಂದು ರೆಕಾರ್ಡರ್ ಆ್ಯಪ್ ಹಾಕಿಸಿದೆ. ಒಂದು ಫೋನಿನಲ್ಲಿ ನನ್ನ ತಂಬೂರ-ತಾಳ ಇಯರ್‌ಫೋನ್ ಹಾಕಿ ಕೇಳಿ, ಇನ್ನೊಂದರಲ್ಲಿ ರೆಕಾರ್ಡ್ ಮಾಡಿ ಅಂದೆ. ಇಯರ್‌ಫೋನ್ ತಂತಿ ಇರೋದೇ ಆಗಬೇಕು, ಬ್ಲೂಟೂತಿನಲ್ಲಿ ತಾಳ ತಡವಾಗಿ ಕೇಳತ್ತೆ ಅಂತಲೂ ಹೇಳಿದೆ. ಎಲ್ಲಕ್ಕೂ "ಹ್ಞೂ" ಅಂದರು. ಕೊನೆಗೆ ಹೇಳಿದೆ, "ಕಳಿಸುವಾಗ ಮಾತ್ರ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ ಮಾವ."

ಆಗ ಬಂತು ಆ ಮಾತು. ಡಾಕ್ಯುಮೆಂಟ್ ಅಲ್ಲ, ಪಿಟೀಲು.

"ಗೊತ್ತು ಮಾವ, ಆದರೆ..."

"ಅಲ್ಲಿ ಆಡಿಯೋ ಅಂತಲೇ ಬೇರೆ ಗುಂಡಿ ಇದೆಯಲ್ಲ? ಅದನ್ನು ಬಿಟ್ಟು ಡಾಕ್ಯುಮೆಂಟ್ ಅಂತ ಯಾಕೆ ಸುಳ್ಳು ಹೇಳಬೇಕು?"

ನನ್ನ ಹತ್ತಿರ ಉತ್ತರ ಇತ್ತು. ಡಾಕ್ಯುಮೆಂಟ್ ಅಂತ ಕಳಿಸಿದರೆ ಆ್ಯಪ್ ಅದನ್ನು ಮುಟ್ಟುವುದಿಲ್ಲ, ಹೋದ ಹಾಗೇ ಬರುತ್ತದೆ, ಹೆಸರು ಕೂಡ ಉಳಿಯುತ್ತದೆ. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹಾಗಾದ್ರೆ ದಾಖಲೆ ಅನ್ನಿ. ಅದು ಬೇರೆ ಮಾತು" ಅಂದರು. ದನಿಯೇ ಬದಲಾಗಿತ್ತು. ಅಲ್ಲಿಯವರೆಗೆ ಪಿಟೀಲು ನುಡಿಸುವ ಮಾವನ ಜೊತೆ ಮಾತಾಡುತ್ತಿದ್ದೆ. ಈಗ ಗುಮಾಸ್ತರು ಬಂದು ಕೂತಿದ್ದರು.

ಮಂಗಳವಾರ ಸಂಜೆ ಫೈಲು ಬಂತು. ಸದ್ದನ್ನು ಚಿಕ್ಕದು ಮಾಡದೆ ಇದ್ದ ಹಾಗೇ ಇಡುವ ವೇವ್ ಫೈಲು, 22 ಎಂಬಿ. ಒತ್ತಿದೆ. ಮೊದಲು ಮಾವನ ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ ಘೋಷಣೆ: "ಮಂಗಳವಾರ. ಸಂಜೆ ಆರೂವರೆ. ರಾಗ ಮೋಹನ. ಆದಿ ತಾಳ. ಶ್ರುತಿ ಐದೂವರೆ ಮನೆ. ಎರಡನೇ ಪ್ರತಿ." ಮೂರು ಚಪ್ಪಾಳೆ. ಪಿಟೀಲು ಶುರು. (ಮನೆ ಅಂದರೆ ಹಾರ್ಮೋನಿಯಂ ಮನೆ, ಶ್ರುತಿ ಎಷ್ಟು ಎತ್ತರ ಅಂತ ಹೇಳುವ ಲೆಕ್ಕ.)

ಚಪ್ಪಾಳೆ ನಾನು ಹೇಳಿದ್ದು, ತಾಳಕ್ಕೆ ಕೂಡಿಸಲು ಸುಲಭ ಅಂತ. ಘೋಷಣೆ ಅವರದೇ. ಸಿನಿಮಾದವರು ಕ್ಲಾಪ್ ಬೋರ್ಡ್ ಹಿಡಿದು ಮಾಡುವ ಕೆಲಸವನ್ನು ಯಾರೂ ಕಲಿಸದೆ ಮಾಡಿದ್ದರು. ನನ್ನ ಐಪ್ಯಾಡ್ ನೋಡಿದರೆ ನಾಚಿಕೆಯಾಗಬೇಕು. 'ಹೊಸ ಹಾಡು 14', 'ಫೈನಲ್', 'ಫೈನಲ್ 2', 'ಇದೇ ಫೈನಲ್', 'ಇದಲ್ಲ'. ಆ 'ಇದಲ್ಲ' ಯಾವುದು ಅಂತ ಗೊತ್ತಾಗದೆ ಎರಡು ವರ್ಷದಿಂದ ಇಟ್ಟುಕೊಂಡಿದ್ದೇನೆ.

ಫೈಲನ್ನು ನಾನು ಹಾಡು ಕಟ್ಟುವ ಆ್ಯಪಿಗೆ ಹಾಕಿ ತಂಬೂರದ ಜೊತೆ ಓಡಿಸಿದೆ. ಪಿಟೀಲು ಎಲ್ಲೋ, ತಂಬೂರ ಎಲ್ಲೋ. ಶ್ರುತಿ ಕೆಳಗಿಳಿದಿದೆ. ಐದಕ್ಕೂ ಇಲ್ಲ, ನಾಲ್ಕೂವರೆಗೂ ಇಲ್ಲ, ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೂತಿದೆ. ತಾಳವೂ ನಿಧಾನ.

ಈಗ ಹೇಳಲು ಸಂಕೋಚ, ಆದರೆ ನನ್ನ ಮೊದಲ ಯೋಚನೆ 'ವಯಸ್ಸಾಯ್ತು' ಅಂತಲೇ ಇತ್ತು. ಫೋನ್ ಮಾಡಿ ಸುತ್ತು ಹಾಕಿ ಕೇಳಿದೆ, "ಮಾವ, ನೆಗಡಿ ಏನಾದ್ರೂ ಆಗಿದೆಯಾ? ದನಿ ಸ್ವಲ್ಪ ದಪ್ಪ ಕೇಳಿಸ್ತು."

"ಇಲ್ಲವಲ್ಲ."

"ಪಿಟೀಲಿನ ಶ್ರುತಿ ಏನಾದ್ರೂ ಇಳಿಸಿದ್ರಾ?"

"ನಾನು ನಲವತ್ತು ವರ್ಷದಿಂದ ಐದೂವರೆ ಮನೇಲೇ ಇದ್ದೀನಿ ಅಳಿಯಂದಿರೇ. ಬಾಡಿಗೆ ಮನೆ ಅಲ್ಲ ಅದು."

ಫೋನಿಟ್ಟೆ. ದನಿಯೂ ದಪ್ಪ, ಪಿಟೀಲೂ ತಗ್ಗು. ಎರಡೂ ಒಟ್ಟಿಗೆ ಇಳಿದಿವೆ ಅಂದರೆ ತಪ್ಪು ಮಾವನದಲ್ಲ ಅಂತ ಅಲ್ಲೇ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೇರೆ. ಆ್ಯಪ್ ಕೆಟ್ಟಿದೆ, ತೆಗೆದು ಮತ್ತೆ ಹಾಕೋಣ ಅಂದುಕೊಂಡೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುವ ಜಾತಿಯ ಬುದ್ಧಿ.

ಡಿಲೀಟ್ ಒತ್ತಿದೆ. ಡೇಟಾ ಕೂಡ ಹೋಗುತ್ತದೆ ಅಂತ ಒಂದು ಸಾಲು ಬಂತು. ಅದನ್ನೆಲ್ಲ ಯಾರು ಓದುತ್ತಾರೆ? ನನ್ನ ಫೈಲುಗಳು ಆ್ಯಪಿನಲ್ಲಿಲ್ಲ, 'ಫೈಲ್ಸ್' ಒಳಗೆ ಬೇರೆ ಫೋಲ್ಡರಿನಲ್ಲಿವೆ, ಕಣ್ಣಾರೆ ನೋಡಿದ್ದೇನಲ್ಲ ಅನ್ನುವ ಧೈರ್ಯ. ಆ್ಯಪ್ ಮತ್ತೆ ಬಂತು, ಖಾಲಿ ಬಂತು. ಫೈಲ್ಸ್ ತೆರೆದೆ. ಆ ಫೋಲ್ಡರ್ ಕೂಡ ಇಲ್ಲ.

ಇದನ್ನು ಗೊತ್ತಿಲ್ಲದವರಿಗಾಗಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆರು ವರ್ಷ ಐಪ್ಯಾಡ್ ಬಳಸಿಯೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಐಫೋನು, ಐಪ್ಯಾಡಿನಲ್ಲಿ ಪ್ರತಿ ಆ್ಯಪಿಗೂ ಅದರದೇ ಮನೆ. ಪಕ್ಕದ ಮನೆಗೆ ಅದು ಸುಮ್ಮನೆ ನುಗ್ಗುವಂತಿಲ್ಲ. 2017ರಲ್ಲಿ ಐಓಎಸ್ 11ರ ಜೊತೆ ಫೈಲ್ಸ್ ಆ್ಯಪ್ ಬಂದಾಗ ನಮಗೆಲ್ಲ ಒಂದು ಬೀರು ಸಿಕ್ಕಿತು ಅಂದುಕೊಂಡೆವು. ಆದರೆ ಅದರಲ್ಲಿ ಆ್ಯಪಿನ ಹೆಸರಿನಲ್ಲಿ ಕಾಣುವ ಫೋಲ್ಡರ್ ಆ ಆ್ಯಪಿನ ಮನೆಯ ಕೋಣೆಯೇ. ಫೈಲ್ಸ್ ಬರೀ ಕಿಟಕಿ. ಮನೆ ಕೆಡವಿದರೆ ಕೋಣೆ ಉಳಿಯುತ್ತದೆಯೇ? ಆ್ಯಪನ್ನು ಆಫ್‌ಲೋಡ್ ಮಾಡಿದರೆ ಒಳಗಿನ ಸಾಮಾನು ಉಳಿಯುತ್ತದೆ, ಡಿಲೀಟ್ ಮಾಡಿದರೆ ಸಾಮಾನು ಸಮೇತ ಹೋಗುತ್ತದೆ. ಆಂಡ್ರಾಯ್ಡಿನಲ್ಲೂ ಆ್ಯಪಿನ ಸ್ವಂತ ಫೋಲ್ಡರಿನ ಕಥೆ ಹೀಗೇ. ಉಳಿಯಬೇಕು ಅನ್ನುವುದನ್ನು ಹೊರಗೆ ನಾವೇ ಮಾಡಿಕೊಂಡ ಫೋಲ್ಡರಿಗೋ, ಪೆನ್‌ಡ್ರೈವಿಗೋ ನಕಲು ಮಾಡಬೇಕು. ಎಳೆದು ತರುವುದಲ್ಲ, ನಕಲು.

ನನ್ನ ಕೀಬೋರ್ಡು, ತಾಳ, 'ಫೈನಲ್', 'ಇದೇ ಫೈನಲ್' ಎಲ್ಲ ಹೋದವು. 'ಇದಲ್ಲ' ಕೂಡ ಹೋಯಿತು, ಕೊನೆಗೂ.

ನನ್ನವಳು ಏನೂ ಅನ್ನಲಿಲ್ಲ. ಕಾಫಿ ಲೋಟ ಇಟ್ಟು "ಮಾವಂಗೆ ಹೇಳು" ಅಂದಳು. ಬೈದಿದ್ದರೆ ವಾಸಿ ಇತ್ತು.

ಬುಧವಾರ ಬೆಳಿಗ್ಗೆ ಹೇಳಿದೆ. ಮಾವನ ಮೊದಲ ಪ್ರಶ್ನೆ: "ನಕಲು ಇಟ್ಟುಕೊಂಡಿರಲಿಲ್ವಾ?"

"ಇಲ್ಲ ಮಾವ."

"ನನ್ನ ಹತ್ತಿರ ಇದೆ. ಪುಸ್ತಕದಲ್ಲೂ ಬರೆದಿದ್ದೀನಿ." ಹಾಳೆ ತಿರುವುವ ಸದ್ದು ಕೇಳಿಸಿತು. ನಿಜವಾದ ಹಾಳೆ. "ಎರಡನೇ ಪ್ರತಿ. ಉದ್ದ ಮೂರು ನಿಮಿಷ ಐವತ್ತು ಸೆಕೆಂಡು. ನಿಮ್ಮ ಕಡೆ ಬಂದಾಗ ಎಷ್ಟಿತ್ತು?"

ಗೊತ್ತಿರಲಿಲ್ಲ. ನೋಡಿಯೇ ಇರಲಿಲ್ಲ.

"ತಾಳೆ ನೋಡಲಿಲ್ವಾ?"

ಇಲ್ಲ, ತಾಳೆ ನೋಡಲಿಲ್ಲ. ಅವರ ಕಾಲದಲ್ಲಿ ಭೂಮಿ ಯೋಜನೆ ಬಂದು, ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಹೋದವು. ಆ ಕಥೆ ಅವರು ಹಬ್ಬಕ್ಕೊಮ್ಮೆ ಹೇಳುತ್ತಾರೆ, ನಾವು ಹೋಳಿಗೆ ತಿನ್ನುತ್ತಾ ಕೇಳಿದ ಹಾಗೆ ಮಾಡುತ್ತೇವೆ. ಟೈಪ್ ಮಾಡುವುದು ಹುಡುಗರಿಗೂ ಬರುತ್ತಿತ್ತಂತೆ. ಪ್ರಿಂಟ್ ತೆಗೆದು, ಹಳೇ ಪುಸ್ತಕ ಪಕ್ಕ ಇಟ್ಟುಕೊಂಡು, ಸರ್ವೆ ನಂಬರು, ಹೆಸರು, ಎಕರೆ, ಗುಂಟೆ ಒಂದೊಂದಕ್ಕೂ ಬೆರಳಿಟ್ಟು ತಾಳೆ ನೋಡುವುದೇ ಕೆಲಸವಂತೆ. ಒಂದು ಸೊನ್ನೆ ತಪ್ಪಿದರೆ ಅಣ್ಣತಮ್ಮಂದಿರು ಕೋರ್ಟಿಗೆ. ನಾವು ಈಗ ದಿನಕ್ಕೆ ಎಷ್ಟು ಫೈಲು ಕಳಿಸುತ್ತೇವೆ, ತರಿಸುತ್ತೇವೆ. ಎರಡು ನೀಲಿ ಗೀಟು ಬಿದ್ದರೆ ಮುಗಿಯಿತು. ಬಂದದ್ದು ಹೋದದ್ದೇನಾ ಅಂತ ನೋಡುವವರು ಯಾರು? ಆಫೀಸಿನಲ್ಲಿ ನಾನು ಹದಿನೈದು ವರ್ಷದಿಂದ ಇದೇ ಧೈರ್ಯದಲ್ಲಿ ಬದುಕಿದ್ದೇನೆ. ಸಿಕ್ಕಿಬಿದ್ದಿಲ್ಲ, ಅಷ್ಟೇ.

ಮಾವ ಮತ್ತೆ ಕಳಿಸಿದರು. ಈ ಸಲ ಆ್ಯಪಿಗೆ ಹಾಕುವ ಮೊದಲೇ ನೋಡಿದೆ: 3 ನಿಮಿಷ 50 ಸೆಕೆಂಡು. ಸರಿ ಇದೆ. ಆ್ಯಪಿಗೆ ಹಾಕಿ ನೋಡಿದೆ: 4 ನಿಮಿಷ 10. ಫೋನ್ ಮಾಡಿ ಹೇಳಿದೆ, 20 ಸೆಕೆಂಡು ಜಾಸ್ತಿ ಆಗಿದೆ ಮಾವ.

ಅವರು ಯೋಚನೆ ಮಾಡಲೇ ಇಲ್ಲ. "ಜಮೀನು ಬೆಳೆಯಲ್ಲ ಅಳಿಯಂದಿರೇ. ಅಳೆಯುವ ಸರಪಳಿ ಬೇರೆ ಇರಬೇಕು."

ನಾನು ಕುರ್ಚಿಯಿಂದ ಎದ್ದು ನಿಂತೆ. ಸರಪಳಿ ಬೇರೆ! ಅವರ ಕಡೆಯ ರೆಕಾರ್ಡರ್ ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆದು ಬರೆದಿಟ್ಟಿದೆ. ನನ್ನ ಹಾಡಿನ ಸೆಟ್ಟಿಂಗ್ 44,100, ಸಿಡಿಯ ಕಾಲದ ಅಳತೆ. ಬಹಳ ಆ್ಯಪ್‌ಗಳು ತಾವೇ ಲೆಕ್ಕ ಬದಲಾಯಿಸಿಕೊಳ್ಳುತ್ತವೆ. ನನ್ನದು ಹಳೆಯದು, ಬದಲಾಯಿಸಿಕೊಂಡಿರಲಿಲ್ಲ. 48,000 ಅಂಕಿಗಳನ್ನು ಒಂದು ಸೆಕೆಂಡಿನಲ್ಲಿ ನುಡಿಸುವ ಬದಲು 44,100 ನುಡಿಸಿ ಉಳಿದದ್ದನ್ನು ಮುಂದಿನ ಸೆಕೆಂಡಿಗೆ ತಳ್ಳಿದೆ. ಹಾಡು ಉದ್ದವಾಯಿತು, ಶ್ರುತಿ ಮುಕ್ಕಾಲು ಮನೆಯಷ್ಟು ಜಾರಿತು, ಮಾವನಿಗೆ ನೆಗಡಿಯಾಯಿತು. ಅಳತೆ ಬದಲಾಯಿಸಿಕೊಡುವ ಇನ್ನೊಂದು ಆ್ಯಪಿಗೆ ಫೈಲು ಹಾಕಿ 44,100 ಮಾಡಿ ತಂದೆ. ಒಂದು ನಿಮಿಷದ ಕೆಲಸ. ಪಿಟೀಲು ಹೋಗಿ ತಂಬೂರದ ಪಕ್ಕದಲ್ಲಿ ತಾನೇ ಕೂತಿತು.

ಈ ಅಳತೆಗೆ ಸ್ಯಾಂಪಲ್ ರೇಟ್ ಅಂತ ಹೆಸರು. ಅದೇನು ಅಂತ ನನಗೆ ಮೊದಲೇ ಗೊತ್ತಿತ್ತು. ವಿಡಿಯೋ ನೋಡಿದ್ದೇನೆ, ಬೇರೆಯವರಿಗೆ ಪಾಠ ಕೂಡ ಮಾಡಿದ್ದೇನೆ. ಆ ಪದವನ್ನು ಒಂದು ಸಲವೂ ಕೇಳದ ಮನುಷ್ಯ ಅದನ್ನು ಕಂಡುಹಿಡಿದರು. ನನಗೆ ತಪ್ಪು ಕಂಡದ್ದು ಮೊದಲು ಅವರ ವಯಸ್ಸಿನಲ್ಲಿ, ಆಮೇಲೆ ಆ್ಯಪಿನಲ್ಲಿ. ಅವರು ಕೇಳಿದ್ದು ಎರಡೇ, ಹೋದಾಗ ಎಷ್ಟಿತ್ತು, ಬಂದಾಗ ಎಷ್ಟಿದೆ.

ಬುಧವಾರ, ಗುರುವಾರ ಎರಡು ರಾತ್ರಿ ಕೂತು ನನ್ನ ಭಾಗವನ್ನೆಲ್ಲ ಮತ್ತೆ ನುಡಿಸಿದೆ. ಸಾಲದ್ದಕ್ಕೆ ಗಡಿಬಿಡಿಯಲ್ಲಿ ಇನ್ನೊಂದು ಎಡವಟ್ಟು. ಈ ಸಲ ಹಾಡು ಕಟ್ಟುವ ಇನ್ನೊಂದು ಆ್ಯಪ್ ಗ್ಯಾರೇಜ್‌ಬ್ಯಾಂಡಿನಲ್ಲಿ ಹೊಸ ಹಾಡು ತೆರೆದು ಫೈಲು ಎಳೆದು ಹಾಕಿದೆ. ಅಲ್ಲಿ ಶುರುವಿಗೆ ಸಿಗುವುದು ಎಂಟು ಬಾರ್, ಅಂದರೆ ತಾಳದ ಎಂಟು ಸುತ್ತಿನಷ್ಟು ಉದ್ದದ ತುಂಡು. ಅದನ್ನು 'ಆಟೋಮ್ಯಾಟಿಕ್' ಅಂತ ಬದಲಾಯಿಸದೆ ಹಾಕಿದರೆ ಪಿಟೀಲು ಇಪ್ಪತ್ತು ಸೆಕೆಂಡೂ ಆಗದೆ ಕತ್ತರಿಸಿ ಹೋಗುತ್ತದೆ. ಈ ಸಲ ಬೇಗ ಗೊತ್ತಾಯಿತು. ಉದ್ದ ತಾಳೆ ನೋಡಿದ್ದೆ.

ಇವತ್ತು ಬೆಳಿಗ್ಗೆ ಪೂರ್ತಿ ಹಾಡನ್ನು ಮಾವನಿಗೆ ಕಳಿಸಿದೆ, ಡಾಕ್ಯುಮೆಂಟ್ ಅಂತಲೇ. ಮಧ್ಯಾಹ್ನ ಫೋನ್ ಬಂತು.

"ಬಂತು. ಮೂರು ನಿಮಿಷ ನಲವತ್ತು ಇದೆ. ನಿಮ್ಮಲ್ಲಿ?"

"ಅಷ್ಟೇ ಮಾವ. ಹೇಗಿದೆ?"

"ಚೆನ್ನಾಗಿದೆ. ಕೀಬೋರ್ಡು ಸ್ವಲ್ಪ ಜಾಸ್ತಿ." ನಿಲ್ಲಿಸಿದರು. ಇನ್ನೇನೋ ಇದೆ ಅಂತ ಗೊತ್ತಾಯಿತು. "ಶುರುವಿನಲ್ಲಿ ನನ್ನ ಮಾತು ಯಾಕೆ ತೆಗೆದ್ರಿ?"

"ಅದು... ಮಕ್ಕಳು ಕುಣಿಯೋ ಹಾಡಲ್ವಾ ಮಾವ."

"ನೀವೇ ದಾಖಲೆ ಅಂದ್ರಲ್ಲ. ತಲೆಬರಹ ಇಲ್ಲದ ದಾಖಲೆ ಎಲ್ಲಿ ನೋಡಿದ್ದೀರಿ?"

ಇದನ್ನು ಬರೆಯುವ ಮುಂಚೆ ಇನ್ನೊಂದು ಪ್ರತಿ ತೆಗೆದೆ. ಶಾಲೆಗೆ ಹೋಗುವುದು ಬರೀ ಹಾಡು. ಸಾಗರಕ್ಕೆ ಹೋಗುವುದರಲ್ಲಿ ಗಂಟಲು ಸರಿಮಾಡಿಕೊಳ್ಳುವ ಸದ್ದಿನಿಂದ ಹಿಡಿದು ಎಲ್ಲವೂ ಇದೆ. 3 ನಿಮಿಷ 50 ಸೆಕೆಂಡು.