41 ಮಾರಾಟ, 612 ಯೂರೋ

2024ರ ನವೆಂಬರ್ 14, ಗುರುವಾರ. ಮಧ್ಯಾಹ್ನ ಒಂದೂವರೆಯ ಶಿಫ್ಟ್‌ಗೆ ಬಂದು ಆಗಷ್ಟೇ ಲಾಗಿನ್ ಆಗಿದ್ದೆ. ಐರ್ಲೆಂಡ್‌ನಲ್ಲಿ ಬೆಳಿಗ್ಗೆ ಎಂಟು ಗಂಟೆ. ಕ್ಯೂನಲ್ಲಿದ್ದ ಮೊದಲ ಟಿಕೆಟ್, ಅಂದರೆ ಮಾರಾಟಗಾರರು ಕಳಿಸುವ ಪ್ರಶ್ನೆ, ಒಬ್ಬ ತಾಯಿಯದು. ಮಕ್ಕಳು ಬೆಳೆದು ಬಿಗಿಯಾದ ಬಟ್ಟೆ, ಶೂ, ಆಟದ ಸಾಮಾನು ಮಾರುವವರು. ‘ಈ ವರ್ಷ 41 ಮಾರಾಟ ಆಗಿದೆ. ಎಲ್ಲ ಸೇರಿ 612 ಯೂರೋ. ನನ್ನ ವಿವರ ತೆರಿಗೆ ಇಲಾಖೆಗೆ ಹೋಗುತ್ತಾ?’ ಅಂತ ಕೇಳಿದ್ದರು.

ನಾನು ಎರಡು ನಿಮಿಷವೂ ತಗೊಳ್ಳಲಿಲ್ಲ. ‘ನಿಮ್ಮದು 2,000 ಯೂರೋ ದಾಟಿಲ್ಲ, ಹಾಗಾಗಿ ಹೋಗುವುದಿಲ್ಲ’ ಅನ್ನುವ ಮ್ಯಾಕ್ರೋ, ಅಂದರೆ ಮೊದಲೇ ಬರೆದಿಟ್ಟ ಉತ್ತರ, ಹಾಕಿ ಸಾಲ್ವ್ ಒತ್ತಿದೆ. ಆ ಮ್ಯಾಕ್ರೋ ಬರೆದವಳೂ ನಾನೇ.

ನಮ್ಮದು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಆಫೀಸು. ಯುರೋಪಿನ ಒಂದು ಮಾರಾಟ ತಾಣಕ್ಕೆ ಸೆಲ್ಲರ್ ಸಪೋರ್ಟ್ ಮಾಡುತ್ತೇವೆ. ಡ್ಯಾಕ್-7 ಅನ್ನುವ ಯುರೋಪಿಯನ್ ಒಕ್ಕೂಟದ ತೆರಿಗೆ ವರದಿ ನಿಯಮ ಅಲ್ಲಿ 2023ರ ಜನವರಿ 1ರಿಂದ ಜಾರಿಯಲ್ಲಿದೆ. ತಾಣದಲ್ಲಿ ಮಾರಿದವರ ಹೆಸರು, ವಿಳಾಸ, ಹುಟ್ಟಿದ ದಿನ, ತೆರಿಗೆ ನಂಬರ್, ಬ್ಯಾಂಕ್ ಖಾತೆ, ಮೂರು ಮೂರು ತಿಂಗಳಿಗೆ ಎಷ್ಟು ಮಾರಾಟ, ಎಷ್ಟು ಹಣ, ನಾವು ಎಷ್ಟು ಶುಲ್ಕ ಹಿಡಿದೆವು, ಇಷ್ಟನ್ನೂ ಮುಂದಿನ ಜನವರಿ 31ರ ಒಳಗೆ ತೆರಿಗೆ ಇಲಾಖೆಗೆ ವರದಿ ಮಾಡಬೇಕು. ಮನೆಯ ಹಳೇ ಸಾಮಾನು ಮಾರುವವರನ್ನು ಬಿಡಲಿ ಅಂತ ಒಂದು ವಿನಾಯಿತಿ ಇದೆ. ವರ್ಷದಲ್ಲಿ 30ಕ್ಕಿಂತ ಕಡಿಮೆ ಮಾರಾಟ ಮಾಡಿರಬೇಕು, ಮತ್ತು ಬಂದ ಹಣ 2,000 ಯೂರೋ ದಾಟಿರಬಾರದು. ಅಂಥವರ ವಿವರ ಕೊಡಬೇಕಾಗಿಲ್ಲ.

ಈ ವಾಕ್ಯ ಹೇಳುವುದು ಯಾರನ್ನು ಬಿಡಬೇಕು ಅಂತ. ನಮಗೆ ಬೇಕಿದ್ದದ್ದು ಯಾರನ್ನು ಹಿಡಿಯಬೇಕು ಅಂತ. ಆಗಸ್ಟ್‌ನಲ್ಲಿ ನಾನೇ ಕೂತು ಅದನ್ನು ತಿರುಗಿಸಿ ಬರೆದೆ: 30 ಅಥವಾ ಹೆಚ್ಚು ಮಾರಾಟ, ಮತ್ತು 2,000 ಯೂರೋಗಿಂತ ಜಾಸ್ತಿ. ಮಾರಾಟಗಾರರ ಪಟ್ಟಿ ತೆಗೆಯುವ ಟ್ರ್ಯಾಕರ್‌ನ ಫಿಲ್ಟರ್ ಹಾಗೇ ಹಾಕಿದೆ. ಸೆಪ್ಟೆಂಬರ್‌ನಲ್ಲಿ ಆ ಪಟ್ಟಿಯಲ್ಲಿದ್ದವರಿಗೆ ವಿವರ ಕೇಳುವ ಮೇಲ್ ಹೋಯಿತು. ಪಟ್ಟಿ ಚಿಕ್ಕದಾಗಿತ್ತು, ಎಲ್ಲರಿಗೂ ಖುಷಿಯಾಗಿತ್ತು. ಟ್ರೈನಿಂಗ್‌ನಲ್ಲಿ ಈ ವಿನಾಯಿತಿಗೆ ಸಿಕ್ಕಿದ್ದು ಒಂದೇ ಸ್ಲೈಡು. ಟೂಲ್‌ನಲ್ಲಿ ಎರಡು ಷರತ್ತು ಹಾಕಿದರೆ ‘ಎಲ್ಲವೂ ಹೊಂದಬೇಕು’ ಅನ್ನುವುದು ತಾನಾಗಿ ಟಿಕ್ ಆಗಿರುತ್ತೆ. ಆದರೂ ಬರೆದದ್ದು ನಾನು. ಇನ್ನೊಬ್ಬರಿಗೆ ತೋರಿಸದೆ ಕಳಿಸಿದ್ದೂ ನಾನು.

ಹಣದ ಮೊತ್ತವೇ ಮುಖ್ಯ ಅಂತ ನನಗೆ ಯಾಕೆ ಅಷ್ಟು ಗಟ್ಟಿಯಾಗಿ ಅನ್ನಿಸಿತು ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಶಿರಸಿಯಲ್ಲಿ ನಮ್ಮ ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಕರ್ನಾಟಕದೊಳಗೆ ಮಾತ್ರ. 2023ರ ಅಕ್ಟೋಬರ್‌ನಿಂದ ಮಿತಿಯೊಳಗಿನ ಸಣ್ಣ ಮಾರಾಟಗಾರರು ತಮ್ಮ ರಾಜ್ಯದೊಳಗೆ ಜಿಎಸ್‌ಟಿ ನೋಂದಣಿ ಇಲ್ಲದೆ, ಬರೀ ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ಮಾರಬಹುದು. ಅದನ್ನು ಮಾಡಿಸಿಕೊಟ್ಟವಳು ನಾನು. ಮಾರಾಟದ ಹಣದಲ್ಲಿ ಆನ್‌ಲೈನ್ ತಾಣವೇ ಹಿಡಿಯುವ ತೆರಿಗೆ, 194-ಒ ಟಿಡಿಎಸ್, ಅದರ ಬಗ್ಗೆ ಅವರಿಗೆ ಹೇಳಿದ್ದೂ ನಾನೇ: ‘ಚಿಕ್ಕಮ್ಮ, ವರ್ಷಕ್ಕೆ 5 ಲಕ್ಷ ದಾಟದಿದ್ರೆ, ಪ್ಯಾನ್ ಕೊಟ್ಟಿದ್ರೆ, ನಿಮ್ಮ ದುಡ್ಡಲ್ಲಿ ಏನೂ ಹಿಡಿಯಲ್ಲ.’ ಅಲ್ಲಿ ಎಷ್ಟು ಬಾಟಲಿ ಮಾರಿದಿರಿ ಅಂತ ಯಾರೂ ಕೇಳುವುದಿಲ್ಲ. ಸಾವಿರ ಬಾಟಲಿ ಆಗಲಿ, ಮೊತ್ತ ಮಾತ್ರ ಲೆಕ್ಕ. ಆ ಅಭ್ಯಾಸದಲ್ಲೇ ಯುರೋಪಿನ ನಿಯಮವನ್ನೂ ಓದಿದೆ. 30 ಅನ್ನುವುದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನಲವತ್ತು ನಿಮಿಷಕ್ಕೆ ಟಿಕೆಟ್ ರೀಓಪನ್ ಆಯಿತು. ಆ ತಾಯಿ ಐರ್ಲೆಂಡಿನ ತೆರಿಗೆ ಇಲಾಖೆಯ ಪುಟದಿಂದ ವಿನಾಯಿತಿಯ ಸಾಲನ್ನು ಅಂಟಿಸಿದ್ದರು. ‘ಇಲ್ಲಿ ಎರಡೂ ಇರಬೇಕು ಅಂತಿದೆಯಲ್ಲ? ನನ್ನದು 41. ದಯವಿಟ್ಟು ಮತ್ತೊಮ್ಮೆ ನೋಡಿ’ ಅಂತ ಬರೆದಿದ್ದರು. ಎಷ್ಟು ಮರ್ಯಾದೆಯಿಂದ ಕೇಳಿದ್ದರು ಅಂದರೆ, ಈಗ ಓದಿದರೆ ಸಂಕಟ ಆಗುತ್ತೆ. ಅವತ್ತು ನನಗೆ ಆದದ್ದು ಕಿರಿಕಿರಿ. ರೀಓಪನ್ ಆದರೆ ಸ್ಕೋರ್ ಇಳಿಯುತ್ತೆ. ‘ನಾವು ಈ ನಿಯಮವನ್ನು ದಿನವೂ ನೋಡುವವರು. ನಮ್ಮ ಮಾಹಿತಿಯನ್ನು ನಂಬಬಹುದು’ ಅಂತ ಉತ್ತರ ಕಳಿಸಿದೆ. ಅವರು ಅಂಟಿಸಿದ್ದ ಸಾಲನ್ನು ಪೂರ್ತಿ ಓದಲೇ ಇಲ್ಲ.

ರೀಓಪನ್ ಆದ ಟಿಕೆಟ್‌ಗಳನ್ನು ಕೆಲಸದ ಗುಣಮಟ್ಟ ನೋಡುವ ಕ್ಯೂಎ ತಂಡ ಎತ್ತಿಕೊಳ್ಳುತ್ತೆ. ಸಂಜೆ ಆರೂವರೆಗೆ ಕ್ಯೂಎ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಬೇ ಹತ್ತಿರ ಬಂದಳು. ದಾವಣಗೆರೆಯವಳು, ಕೆಲಸಕ್ಕೆ ಸೇರಿ ಏಳು ತಿಂಗಳು. ಕುರ್ಚಿ ಎಳೆದುಕೊಂಡು ಕೂತಳು.

‘ಅಕ್ಕಾ, ಇವ್ರು ಹೇಳ್ತಿರೋದೇ ಸರಿ ಅನ್ಸುತ್ತೆ.’

‘ಇಲ್ಲ ಕಣೇ, ಎರಡೂ ದಾಟಬೇಕು.’

‘ರಾತ್ರಿ ನಾವು ಮನೆಗೆ ಹೋಗ್ಬೇಕು ಅಂದ್ರೆ ಲಾಗೌಟ್ ಆಗಿರ್ಬೇಕು, ಕ್ಯಾಬೂ ಬಂದಿರ್ಬೇಕು. ಎರಡೂ ಆದ್ರೆ ಹೊರಗೆ. ಲಾಗೌಟ್ ಆಗಿ ಕ್ಯಾಬ್ ಬರ್ಲಿಲ್ಲ ಅಂದ್ರೆ ಎಲ್ಲಿರ್ತೀವಿ?’

‘ಇಲ್ಲೇ.’

‘ಮತ್ತೆ?’

ನಾನು ಮಾತಾಡಲಿಲ್ಲ. ಕೈ ತಣ್ಣಗಾಗಿತ್ತು. ಟ್ರ್ಯಾಕರ್ ತೆರೆದು ‘ಎಲ್ಲವೂ’ ಅನ್ನುವ ಟಿಕ್ ತೆಗೆದು ‘ಯಾವುದಾದರೂ’ ಅನ್ನುವುದಕ್ಕೆ ಹಾಕಿದೆ. ಪರದೆ ಸ್ವಲ್ಪ ಹೊತ್ತು ತಿರುಗುತ್ತಲೇ ಇತ್ತು. ಮೂರಂಕಿಯಲ್ಲಿದ್ದ ಪಟ್ಟಿ ನಾಲ್ಕಂಕಿಗೆ ಹೋಯಿತು. ಕೆಳಗೆ ಜಾರಿಸಿ ನೋಡಿದೆ. 33 ಮಾರಾಟ, 210 ಯೂರೋ. 58 ಮಾರಾಟ, 390 ಯೂರೋ. 4 ಮಾರಾಟ, 2,600 ಯೂರೋ, ಇವರು ಹಳೇ ಪಿಯಾನೋ ಮಾರಿದವರು. ಎಲ್ಲರೂ ವರದಿಗೆ ಬರಬೇಕಾದವರೇ. ಯಾರಿಗೂ ನಾವು ಒಂದಕ್ಷರ ಬರೆದಿರಲಿಲ್ಲ. ನನ್ನ ಮ್ಯಾಕ್ರೋ ಓದಿದವರಿಗೆ ‘ನೀವಿಲ್ಲ’ ಅಂತ ಹೇಳಿಬಿಟ್ಟಿದ್ದೆವು.

ಟೀಮ್ ಲೀಡರ್‌ಗೆ, ಅಂದರೆ ಟಿಎಲ್‌ಗೆ, ಹೇಳುವ ಮೊದಲು ಪುಸ್ತಕದಲ್ಲಿ ದಿನ ಎಣಿಸಿದೆ. ವಿವರ ಕೊಡದವರಿಗೆ ಎರಡು ಸಲ ನೆನಪಿಸಬೇಕು. ಮೊದಲ ಕೋರಿಕೆಯಿಂದ 60 ದಿನ ಆಗದೆ ಏನೂ ಮಾಡುವಂತಿಲ್ಲ. ಆಮೇಲೂ ಕೊಡದಿದ್ದರೆ ಖಾತೆ ಮುಚ್ಚಬೇಕು, ಇಲ್ಲವೇ ಅವರ ಹಣ ತಡೆಹಿಡಿಯಬೇಕು. ಸೋಮವಾರ, ನವೆಂಬರ್ 18ಕ್ಕೆ ಮೇಲ್ ಹೋದರೂ 60 ದಿನ ಮುಗಿಯುವುದು ಜನವರಿ 17ಕ್ಕೆ. ವರದಿಗೆ ಉಳಿಯುವುದು ಹದಿನಾಲ್ಕು ದಿನ. ನಡುವೆ ಕ್ರಿಸ್ಮಸ್ ರಜೆ. ಮೂರು ಸಲ ಎಣಿಸಿದೆ, ಮೂರು ಸಲವೂ ಅಷ್ಟೇ.

ಟಿಎಲ್ ಬೈಯಲಿಲ್ಲ. ‘ಲೀಗಲ್‌ಗೆ ಈಗ್ಲೇ ಹಾಕಿ, ನನ್ನನ್ನ ಸಿಸಿ ಮಾಡಿ’ ಅಂದರು ಅಷ್ಟೆ. ಮ್ಯಾನೇಜ್‌ಮೆಂಟ್ ಕಡೆಯಿಂದ ಬಂದ ಮೊದಲ ಪ್ರಶ್ನೆ ‘ಇದು ಯಾರ ತಪ್ಪು’ ಅಂತ. ಎರಡನೆಯ ಪ್ರಶ್ನೆ ಬರಲು ಶುಕ್ರವಾರ ಮಧ್ಯಾಹ್ನ ಆಯಿತು. ಆ ಹೊತ್ತಿನಲ್ಲಿ ಪಟ್ಟಿ ಸರಿ ಮಾಡಬಹುದಿತ್ತು ಅಂತ ನನಗೆ ಇವತ್ತಿಗೂ ಬೇಜಾರಿದೆ. ಶನಿವಾರ, ಭಾನುವಾರ ನಾನು, ಕ್ಯೂಎ ಹುಡುಗಿ, ಇನ್ನಿಬ್ಬರು ಕೂತು ಪಟ್ಟಿ ಮಾಡಿದೆವು. ಆಗ ಇನ್ನೊಂದು ತಪ್ಪು ಸಿಕ್ಕಿತು. ನಮ್ಮ ಎಕ್ಸ್‌ಪೋರ್ಟ್‌ನಲ್ಲಿ ಬರುತ್ತಿದ್ದದ್ದು ಗ್ರಾಹಕ ಕೊಟ್ಟ ಪೂರ್ತಿ ಹಣ. ನಿಯಮದಲ್ಲಿ ಲೆಕ್ಕ ಹಿಡಿಯುವುದು ನಮ್ಮ ಶುಲ್ಕ ಕಳೆದು ಮಾರಿದವರಿಗೆ ಸೇರಿದ ಹಣ. 2,000ದ ಅಂಚಿನಲ್ಲಿದ್ದ ಕೆಲವರು ಇದರಿಂದ ಹೊರಗೆ ಬಂದರು.

ಈಗ ನಾನು ಯಾವ ಫಿಲ್ಟರ್ ಹಾಕಿದರೂ ಮೊದಲು ನಾಲ್ಕು ಸುಳ್ಳು ಸಾಲು ಸೇರಿಸುತ್ತೇನೆ. 29 ಮಾರಾಟ, ಸರಿಯಾಗಿ 2,000 ಯೂರೋ: ಇದು ಹೊರಗಿರಬೇಕು. 30 ಮಾರಾಟ, 40 ಯೂರೋ: ಒಳಗೆ. ಒಂದೇ ಮಾರಾಟ, 2,001 ಯೂರೋ: ಒಳಗೆ. 30 ಮಾರಾಟ, 2,001 ಯೂರೋ: ಒಳಗೆ. ನಾಲ್ಕೂ ಸರಿಯಾಗಿ ಬಿದ್ದರೆ ಮಾತ್ರ ನಿಜವಾದ ಪಟ್ಟಿ ತೆರೆಯುತ್ತೇನೆ. ಹತ್ತು ನಿಮಿಷದ ಕೆಲಸ. ಆಗಸ್ಟ್‌ನಲ್ಲಿ ಮಾಡಿದ್ದರೆ ಎರಡನೇ ಸಾಲೇ ನನ್ನ ತಪ್ಪನ್ನು ಹೇಳಿಬಿಡುತ್ತಿತ್ತು.

ಆ ತಾಯಿಗೆ ಸೋಮವಾರ ಕ್ಷಮೆ ಕೇಳಿ ಬರೆದೆ, ಮ್ಯಾಕ್ರೋ ಇಲ್ಲದೆ. ಅವರು ಅವತ್ತೇ ಪಿಪಿಎಸ್ ನಂಬರ್, ಅಂದರೆ ಐರ್ಲೆಂಡಿನ ತೆರಿಗೆ ನಂಬರ್, ತುಂಬಿದರು. ಕೆಳಗೆ ಒಂದು ಸಾಲು ಬರೆದಿದ್ದರು: ‘ಬೇರೆಯವರಿಗೂ ಹೇಳಿದ್ದೀರಿ ತಾನೇ?’

ಹೇಳಿದ್ದೆವು. ಹೇಳಿದ ರೀತಿ ಸರಿಯಿರಲಿಲ್ಲ. ಆತುರದಲ್ಲಿ ಸೆಪ್ಟೆಂಬರ್‌ನ ಮೇಲನ್ನೇ ಎಲ್ಲರಿಗೂ ಕಳಿಸಿದೆವು. ಸಬ್ಜೆಕ್ಟ್‌ನಲ್ಲಿ ‘ತೆರಿಗೆ ಮಾಹಿತಿ: ತುರ್ತು’ ಅಂತಿತ್ತು. ಖಾತೆ ಮುಚ್ಚುವ ಎಚ್ಚರಿಕೆ ಮೊದಲ ಪ್ಯಾರಾದಲ್ಲೇ ಇತ್ತು. ವರದಿ ಬೇರೆ, ತೆರಿಗೆ ಬೇರೆ ಅನ್ನುವ ಮಾತು ಎಲ್ಲೂ ಇರಲಿಲ್ಲ. ನಾವು ಯಾರ ಹಣದಲ್ಲೂ ಒಂದು ಸೆಂಟ್ ತೆರಿಗೆ ಹಿಡಿಯುವುದಿಲ್ಲ. ಮನೆಯಲ್ಲಿ ಬಳಸಿದ ವಸ್ತುವನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೆ ಅಲ್ಲಿ ಲಾಭವೇ ಇಲ್ಲ, ತೆರಿಗೆ ಎಲ್ಲಿಂದ ಬರಬೇಕು? ನಮಗೆ ಅದು ಗೊತ್ತಿತ್ತು. ಮೇಲ್ ಓದಿದವರಿಗೆ ಗೊತ್ತಿರಲಿಲ್ಲ.

ಜನವರಿ 20ಕ್ಕೆ ಒಬ್ಬರು ಫೋನ್ ಮಾಡಿದರು. ವಯಸ್ಸಾದವರ ದನಿ. ತೀರಿಹೋದ ಹೆಂಡತಿಯ ಪುಸ್ತಕಗಳನ್ನು ಆರು ಯೂರೋ, ಏಳು ಯೂರೋಗೆ ಮಾರುತ್ತಿದ್ದರು. ಪಟ್ಟಿ ನೋಡಿದೆ. 58 ಮಾರಾಟ, 390 ಯೂರೋ. ಅವತ್ತು ಸಂಜೆ ಪರದೆಯ ಮೇಲೆ ನೋಡಿದ್ದ ಅದೇ ಸಾಲು. ಕೊನೆಯ 13 ಯೂರೋ ನಮ್ಮಲ್ಲಿ ತಡೆದು ನಿಂತಿತ್ತು. ಅದು ಬೇಡ, ಖಾತೆ ಮುಚ್ಚಿಬಿಡಿ ಅಂದರು. ನಾನು ಎಲ್ಲವನ್ನೂ ವಿವರಿಸಿದೆ. ಇದು ತೆರಿಗೆ ಕೇಳುವ ಪತ್ರ ಅಲ್ಲ, ನೀವು ಏನೂ ಕಟ್ಟಬೇಕಾಗಿಲ್ಲ ಅನ್ನಿಸುತ್ತೆ, ಬರೀ ವಿವರ ಹೋಗುತ್ತೆ, ನಾವು ಏನು ಕಳಿಸುತ್ತೇವೋ ಅದರ ಪ್ರತಿ ನಿಮಗೂ ಬರುತ್ತೆ ಅಂತ. ಮಧ್ಯದಲ್ಲಿ ತಡೆಯದೆ ಕೇಳಿಸಿಕೊಂಡರು.

‘ಇದನ್ನೇ ಮೇಲ್‌ನಲ್ಲಿ ಬರೆದಿದ್ದರೆ ನಾನು ಎರಡು ತಿಂಗಳು ಹೆದರುತ್ತಿರಲಿಲ್ಲ’ ಅಂದರು. ಆಮೇಲೆ ಪಿಪಿಎಸ್ ನಂಬರನ್ನು ನಿಧಾನವಾಗಿ ಹೇಳಿದರು. ಏಳು ಅಂಕಿ, ಕೊನೆಯಲ್ಲಿ ಎರಡು ಅಕ್ಷರ. ನಾನು ತಿರುಗಿ ಓದಿ ಹೇಳಿದೆ. 13 ಯೂರೋ ಅವತ್ತೇ ರಿಲೀಸ್ ಆಯಿತು.

ಪುಸ್ತಕಗಳನ್ನು ಮತ್ತೆ ಲಿಸ್ಟ್ ಮಾಡುತ್ತೀರಾ ಅಂತ ಕೇಳಿದ್ದೆ. ನೋಡೋಣ ಅಂದಿದ್ದರು. ಆ ಖಾತೆಯನ್ನು ಆಗಾಗ ತೆರೆದು ನೋಡುತ್ತಿರುತ್ತೇನೆ. ಇನ್ನೂ ಖಾಲಿಯೇ ಇದೆ.